ಗುಜರಿಯಿಂದ ಎದ್ದ ಕಾರು

(ಅಮೆರಿಕದ ‘ಹಾಟ್ ರಾಡ್’ ಪರಂಪರೆ ಕುರಿತ ಉಪನ್ಯಾಸದ ಪಠ್ಯ)



ಕಾರು ಎಂದರೆ ಕೊಳ್ಳುವ ವಸ್ತು ಎಂಬುದು ಸಾಮಾನ್ಯ ತಿಳಿವಳಿಕೆ. ಕಾರ್ಖಾನೆ ತಯಾರಿಸುತ್ತದೆ, ವ್ಯಾಪಾರಿ ಮಾರುತ್ತಾನೆ, ಗಿರಾಕಿ ಹಣ ತೆತ್ತು ಮನೆಗೆ ತರುತ್ತಾನೆ. ಕೆಟ್ಟರೆ ಮೆಕ್ಯಾನಿಕ್ ಬಳಿಗೆ ಒಯ್ಯುತ್ತಾನೆ. ಆದರೆ ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯದಲ್ಲಿ, ಸುಮಾರು ತೊಂಬತ್ತು ವರ್ಷಗಳಿಂದ ಇದಕ್ಕೆ ತದ್ವಿರುದ್ಧವಾದ ಒಂದು ಪದ್ಧತಿ ಬೆಳೆದು ಬಂದಿದೆ. ಒಂದು ಹಳೆಯ ಕಾರಿನ ಬಾಡಿ, ಇನ್ನೊಂದರ ಎಂಜಿನ್, ಮತ್ತೊಂದರ ಬ್ರೇಕ್ ತಂದು, ಮನೆಯ ಪಕ್ಕದ ಗ್ಯಾರೇಜಿನಲ್ಲಿ ಕೊಯ್ದು, ಬೆಸೆದು, ಯಾವ ಕಾರ್ಖಾನೆಯೂ ತಯಾರಿಸದ ಕಾರೊಂದನ್ನು ಸ್ವಂತ ಕೈಯಿಂದ ಕಟ್ಟುವ ಪದ್ಧತಿ ಅದು. ಹೀಗೆ ಕಟ್ಟಿದ ಕಾರಿಗೆ ‘ಹಾಟ್ ರಾಡ್’ ಎಂದು ಹೆಸರು. ‘ರಾಡ್’ ಎಂಬುದು ‘ರೋಡ್‌ಸ್ಟರ್’ ಎಂಬ ತೆರೆದ ಕಾರಿನ ಹೆಸರಿನ ಮೊಟಕು ರೂಪ ಎಂದು ಕೆಲವರೂ, ಎಂಜಿನ್ನಿನೊಳಗಿನ ಕನೆಕ್ಟಿಂಗ್ ರಾಡಿನಿಂದ ಬಂದದ್ದೆಂದು ಕೆಲವರೂ ಹೇಳುತ್ತಾರೆ.

ಇವುಗಳಲ್ಲಿ ‘ಸಾಂಪ್ರದಾಯಿಕ’ ಎನ್ನಿಸಿಕೊಳ್ಳುವ ಒಂದು ಪಂಥವಿದೆ. 1930, 40 ಮತ್ತು 50ರ ದಶಕಗಳ ಹುಡುಗನೊಬ್ಬನ ಕೈಗೆ ಎಟುಕಬಹುದಾಗಿದ್ದ ಸಾಮಾನು, ಅವನಿಗೆ ತಿಳಿದಿದ್ದ ವಿಧಾನ, ಅವನು ಮೆಚ್ಚಿದ್ದ ರೂಪ – ಇಷ್ಟರ ಗಡಿಯೊಳಗೇ ಕಾರು ಕಟ್ಟಬೇಕು ಎಂಬುದು ಆ ಪಂಥದ ನಿಯಮ. ಇಲ್ಲಿ ಒಂದು ವಿರೋಧಾಭಾಸವಿದೆ. ಆ ಕಾಲದ ಹುಡುಗರು ಹಳೆಯ ಸಾಮಾನು ಬಳಸಿದ್ದು ಸಂಪ್ರದಾಯದ ಮೇಲಿನ ಪ್ರೀತಿಯಿಂದಲ್ಲ. ಅವರ ಬಳಿ ಹಣವಿರಲಿಲ್ಲ, ಅಷ್ಟೆ. ಇಂದು ಅದೇ ಕಾರನ್ನು ಅದೇ ರೀತಿ ಕಟ್ಟಲು ಹೊರಟವನಿಗೆ ಹೊಸ ಕಾರಿಗಿಂತ ಹೆಚ್ಚು ಖರ್ಚು ಬರಬಹುದು. ಬಡತನದಿಂದ ಹುಟ್ಟಿದ್ದನ್ನು ಸಿರಿವಂತಿಕೆಯಲ್ಲಿ ಅನುಕರಿಸಿದರೆ ಅದು ಸಂಪ್ರದಾಯವಾದೀತೇ? ಇಂದಿನ ಮಾತುಗಳ ತಿರುಳು ಈ ಪ್ರಶ್ನೆಯೇ. ಅದಕ್ಕೆ ಉತ್ತರ ಬೇಕಾದರೆ ಮೊದಲು ಇತಿಹಾಸಕ್ಕೆ, ಬಳಿಕ ಗ್ಯಾರೇಜಿನೊಳಕ್ಕೆ ಹೋಗಬೇಕು.

ಅಗ್ಗದ ಕಾರು, ಅಗ್ಗದ ಎಂಜಿನ್

ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ‘ಮಾಡೆಲ್ ಟಿ’ ಕಾರನ್ನು ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದ. ಅದರ ಹಿಂದೆಯೇ ಬಂದ ‘ಮಾಡೆಲ್ ಎ’ 1931ರವರೆಗೆ 48 ಲಕ್ಷದಷ್ಟು ತಯಾರಾಯಿತು. ಇಷ್ಟು ಕಾರುಗಳು ರಸ್ತೆಗೆ ಇಳಿದ ಮೇಲೆ ಕೆಲವೇ ವರ್ಷಗಳಲ್ಲಿ ಅಷ್ಟೇ ಸಂಖ್ಯೆಯಲ್ಲಿ ಗುಜರಿಗೂ ಬರತೊಡಗಿದವು. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಹೊಸ ಕಾರಿನ ಕನಸು ಕಾಣಲಾಗದ ಹುಡುಗರಿಗೆ ಈ ಗುಜರಿಯೇ ಅಂಗಡಿಯಾಯಿತು. ಕೆಲವು ಡಾಲರು ಕೊಟ್ಟರೆ ಓಡದ ಕಾರೊಂದು ಸಿಗುತ್ತಿತ್ತು. ಓಡಿಸುವುದು ಅವರವರ ಕೈಚಳಕಕ್ಕೆ ಬಿಟ್ಟದ್ದು.

ಇನ್ನೊಂದು ಘಟನೆ ಈ ಹವ್ಯಾಸದ ದಿಕ್ಕನ್ನೇ ನಿರ್ಧರಿಸಿತು. 1932ರ ಮಾರ್ಚ್ 31ರಂದು ಫೋರ್ಡ್ ಕಂಪನಿ ಎಂಟು ಸಿಲಿಂಡರುಗಳ ‘ವಿ-8’ ಎಂಜಿನ್ ಇರುವ ಕಾರನ್ನು ಜನರ ಮುಂದಿಟ್ಟಿತು. ಅಲ್ಲಿಯವರೆಗೆ ಎಂಟು ಸಿಲಿಂಡರಿನ ಎಂಜಿನ್ ಶ್ರೀಮಂತರ ಸೊತ್ತು. ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಎರಡು ಸಾಲು ಸಿಲಿಂಡರುಗಳಿರುವ ಇಡೀ ಬ್ಲಾಕನ್ನು ಒಂದೇ ಎರಕದಲ್ಲಿ, ಅಗ್ಗವಾಗಿ, ದೊಡ್ಡ ಪ್ರಮಾಣದಲ್ಲಿ ಎರೆಯುವ ವಿಧಾನವನ್ನು ಫೋರ್ಡ್‌ನ ಎಂಜಿನಿಯರುಗಳು ಸಾಧಿಸಿದರು. 221 ಘನ ಅಂಗುಲ, ಎಂದರೆ ಸುಮಾರು 3.6 ಲೀಟರ್ ಸಾಮರ್ಥ್ಯದ ಆ ಎಂಜಿನ್ 65 ಅಶ್ವಶಕ್ತಿ ಕೊಡುತ್ತಿತ್ತು. ಇದನ್ನು ಕೂರಿಸಿದ್ದ ರೋಡ್‌ಸ್ಟರಿನ ಬೆಲೆ 500 ಡಾಲರಿಗೂ ಕಡಿಮೆ. ಮಾಡೆಲ್ ಎ ಎಂಜಿನ್ನಿನ ಶಕ್ತಿ 40 ಅಶ್ವಶಕ್ತಿ ಮಾತ್ರವಾಗಿತ್ತು ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿದೀತು.

ಹಗುರವಾದ ಮಾಡೆಲ್ ಎ ಬಾಡಿ, ಬಲವಾದ ವಿ-8 ಎಂಜಿನ್. ಎರಡನ್ನೂ ಕೂಡಿಸಿದರೆ ಏನಾದೀತು ಎಂಬ ಯೋಚನೆಯೇ ಸಾಂಪ್ರದಾಯಿಕ ಹಾಟ್ ರಾಡಿನ ಮೂಲ ಸೂತ್ರ.

ಒಣ ಕೆರೆಗಳ ಓಟ

ಕಟ್ಟಿದ ಕಾರನ್ನು ಓಡಿಸಲು ಜಾಗ ಬೇಕಲ್ಲ? ಲಾಸ್ ಏಂಜಲೀಸ್ ನಗರದ ಉತ್ತರಕ್ಕೆ, ಬೆಟ್ಟಸಾಲಿನ ಆಚೆ, ಮೊಹಾವೆ ಮರುಭೂಮಿಯಿದೆ. ಅಲ್ಲಿ ಮುರಾಕ್, ಎಲ್ ಮಿರಾಜ್, ಹಾರ್ಪರ್ ಮುಂತಾದ ಒಣಗಿದ ಕೆರೆಗಳಿವೆ. ಮಳೆಗಾಲದಲ್ಲಿ ತೆಳುವಾಗಿ ನಿಂತ ನೀರು ಆರಿದ ಮೇಲೆ ಉಳಿಯುವ ಜೇಡಿಮಣ್ಣಿನ ನೆಲ ಮೈಲಿಗಟ್ಟಲೆ ಸಪಾಟು. ವಾರಾಂತ್ಯದಲ್ಲಿ ಯುವಕರು ಅಲ್ಲಿಗೆ ಕಾರು ಓಡಿಸಿಕೊಂಡೇ ಹೋಗುತ್ತಿದ್ದರು. ಮಡ್‌ಗಾರ್ಡ್, ಹೆಡ್‌ಲೈಟು, ಮುಂದಿನ ಗಾಜು ಎಲ್ಲವನ್ನೂ ಕಳಚಿಟ್ಟು ಓಡಿಸಿ, ಸಂಜೆ ಮತ್ತೆ ಜೋಡಿಸಿಕೊಂಡು ಮನೆಗೆ ಮರಳುತ್ತಿದ್ದರು. ಹಾಟ್ ರಾಡಿನ ಬೋಳು ರೂಪ ಹುಟ್ಟಿದ್ದು ಹೀಗೆ. ಕಳಚಿದ್ದು ಅಂದಕ್ಕಲ್ಲ, ತೂಕ ಇಳಿಸಲು ಮತ್ತು ಗಾಳಿಯ ತಡೆ ತಗ್ಗಿಸಲು.

ಆರಂಭದಲ್ಲಿ ಹಲವು ಕಾರುಗಳು ಸಾಲಾಗಿ ನಿಂತು ಒಟ್ಟಿಗೇ ನುಗ್ಗುವುದೂ ಇತ್ತು. ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣುತ್ತಿರಲಿಲ್ಲ. ಅಪಘಾತಗಳಾದವು. ಕೊನೆಗೆ ಕೆಲವು ಕ್ಲಬ್ಬುಗಳು ಸೇರಿ 1937ರಲ್ಲಿ ‘ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್’ ಎಂಬ ಸಂಘ ಕಟ್ಟಿದವು. 1938ರಲ್ಲಿ ಮುರಾಕ್‌ನಲ್ಲಿ ಅದರ ಮೊದಲ ಕೂಟ ನಡೆಯಿತು. ಕಾರುಗಳನ್ನು ವರ್ಗಗಳಾಗಿ ವಿಂಗಡಿಸಿ, ಪರೀಕ್ಷಿಸಿ, ಗಡಿಯಾರ ಹಿಡಿದು ವೇಗ ಅಳೆಯುವ ಪದ್ಧತಿ ನೆಲೆಯೂರಿತು. ಯಾವ ಸರಕಾರವೂ ಹೇಳದೆ ಹುಡುಗರೇ ತಮಗೆ ತಾವು ಹಾಕಿಕೊಂಡ ಶಿಸ್ತು ಇದು ಎಂಬುದು ಗಮನಾರ್ಹ.

ಮುರಾಕ್ ಕೆರೆ ಮುಂದೆ ಸೇನೆಯ ಪಾಲಾಯಿತು. ಇಂದು ಅದು ಎಡ್ವರ್ಡ್ಸ್ ವಾಯುನೆಲೆಯ ಭಾಗ. ಎರಡನೇ ಮಹಾಯುದ್ಧ ಬಂದು ಓಟಗಳು ನಿಂತವು, ಓಡಿಸುತ್ತಿದ್ದವರು ಯುದ್ಧಕ್ಕೆ ಹೋದರು. ಆದರೆ ಅದೇ ಯುದ್ಧ ಈ ಹವ್ಯಾಸಕ್ಕೆ ಹೊಸ ಬಲ ತಂದಿತು. ವಿಮಾನ ರಿಪೇರಿ, ವೆಲ್ಡಿಂಗ್, ಲೇತ್ ಕೆಲಸ ಕಲಿತ ಸಾವಿರಾರು ಯುವಕರು 1945ರ ಹೊತ್ತಿಗೆ ಕ್ಯಾಲಿಫೋರ್ನಿಯಕ್ಕೆ ಹಿಂದಿರುಗಿದರು. ಯುದ್ಧದ ಮಿಕ್ಕ ಸಾಮಾನು ಅಗ್ಗವಾಗಿ ಮಾರಾಟಕ್ಕೆ ಬಂತು. ಬಿಲ್ ಬರ್ಕ್ ಎಂಬಾತ ಯುದ್ಧವಿಮಾನಗಳ ಹೊಟ್ಟೆಗೆ ತೂಗುಹಾಕುವ ಇಂಧನದ ಟ್ಯಾಂಕಿನ ಆಕಾರ ಕಂಡು, ಗಾಳಿ ಸೀಳಲು ಇದಕ್ಕಿಂತ ಒಳ್ಳೆಯ ಬಾಡಿ ಬೇಕೇ ಎಂದುಕೊಂಡ. 1946ರಲ್ಲಿ ಅಂಥ ಟ್ಯಾಂಕಿನೊಳಗೆ ಎಂಜಿನ್ ಇಟ್ಟು ಓಟದ ಕಾರು ಮಾಡಿಯೇಬಿಟ್ಟ. ಅದೇ ವರ್ಷ ಅಲೆಕ್ಸ್ ಜೀಡಿಯಾಸ್ ಸೇನೆಯಿಂದ ಬಿಡುಗಡೆಯಾಗಿ ಬಂದು ಬರ್‌ಬ್ಯಾಂಕ್‌ನಲ್ಲಿ ‘ಸೋ-ಕ್ಯಾಲ್ ಸ್ಪೀಡ್ ಶಾಪ್’ ಎಂಬ ಪುಟ್ಟ ಅಂಗಡಿ ತೆರೆದ. ಎಡ್ ಇಸ್ಕೆಂಡೇರಿಯನ್ ಎಂಬ ಆರ್ಮೇನಿಯಾ ಮೂಲದ ಯುವಕ ಕ್ಯಾಮ್‌ಶಾಫ್ಟ್ ಅರೆಯುವ ಯಂತ್ರವನ್ನು ತಾನೇ ಸಿದ್ಧಪಡಿಸಿಕೊಂಡು ಕೆಲಸ ಶುರುಮಾಡಿದ. 1948ರಲ್ಲಿ ಸ್ಟೂ ಹಿಲ್‌ಬಾರ್ನ್ ಒಣ ಕೆರೆಯ ಮೇಲೆ ಗಂಟೆಗೆ 150 ಮೈಲಿ ವೇಗ ದಾಟಿದ ಮೊದಲಿಗನಾದ. ಮರುವರ್ಷ ಯೂಟಾ ರಾಜ್ಯದ ಬಾನವಿಲ್ ಉಪ್ಪುಬಯಲಿನಲ್ಲಿ ‘ವೇಗದ ವಾರ’ ಆರಂಭವಾಯಿತು. 1950ರಲ್ಲಿ ಜೀಡಿಯಾಸ್ ತಂಡದ ಕಾರು ಅಲ್ಲಿ 200 ಮೈಲಿ ದಾಟಿತು. ಅದರ ಎಂಜಿನ್ ಕೂಡ ಫೋರ್ಡ್ ಕುಟುಂಬದ ಅದೇ ಸಾಧಾರಣ ವಿ-8.

ಪುಂಡರು ಎಂಬ ಹೆಸರು

ಎಲ್ಲರೂ ಒಣ ಕೆರೆಗೆ ಹೋಗುತ್ತಿರಲಿಲ್ಲ. ನಗರದ ಬೀದಿಗಳಲ್ಲೇ ರಾತ್ರಿ ಪಂದ್ಯ ಕಟ್ಟಿ ಓಡಿಸುವವರಿದ್ದರು. ಸಾವುನೋವುಗಳಾದವು. ಯುದ್ಧಾನಂತರದ ಅಮೆರಿಕದ ಪತ್ರಿಕೆಗಳಲ್ಲಿ ‘ಹಾಟ್ ರಾಡ್’ ಎಂಬುದು ಹೆಚ್ಚುಕಡಿಮೆ ಬೈಗುಳವಾಗಿತ್ತು. ಪೊಲೀಸರ ಕಣ್ಣಿಗೆ ಮಡ್‌ಗಾರ್ಡ್ ಇಲ್ಲದ ಕಾರು ಎಂದರೆ ಪುಂಡನ ಕಾರು.

ಈ ಕಳಂಕ ತೊಳೆಯುವ ಪ್ರಯತ್ನವೇ ಹವ್ಯಾಸವನ್ನು ಸಂಘಟಿಸಿತು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಎಂಬ ಹೆಸರಿನಲ್ಲೇ ಮಾಸಿಕ ಆರಂಭಿಸಿದ. ಬೆಲೆ 25 ಸೆಂಟ್. ಬೈಗುಳವನ್ನೇ ಮುಖಪುಟದ ಹೆಸರಾಗಿಸಿದ ಧೈರ್ಯ ಅದು. ಪತ್ರಿಕೆಯ ಸಂಪಾದಕನಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸ್ಥಾಪಿಸಿದ. ಬೀದಿಯ ಪಂದ್ಯವನ್ನು ಕಾಲು ಮೈಲಿಯ ನಿಗದಿತ ಓಟದ ಪಟ್ಟಿಗೆ ಕರೆದೊಯ್ಯುವುದು ಅದರ ಗುರಿ. ಇಂದಿನ ‘ಡ್ರ್ಯಾಗ್ ರೇಸಿಂಗ್’ ಕ್ರೀಡೆ ಬೆಳೆದದ್ದು ಈ ದಾರಿಯಲ್ಲಿ.

ಗ್ಯಾರೇಜಿನೊಳಗೆ: ಮೊದಲು ಚಾಸಿ

ಈಗ ಕೆಲಸಕ್ಕೆ ಬರೋಣ. ಸಾಂಪ್ರದಾಯಿಕ ಹಾಟ್ ರಾಡ್ ಕಟ್ಟಲು ಇಂದು ಒಬ್ಬಾತ ನಿರ್ಧರಿಸಿದನೆನ್ನಿ. ಅವನ ಬಳಿ ಇರಬೇಕಾದದ್ದು ಒಂದು ಕಾರಿನ ಸುತ್ತ ಓಡಾಡುವಷ್ಟು ಜಾಗ, ವೆಲ್ಡಿಂಗ್ ಸೆಟ್, ಗ್ರೈಂಡರ್, ಡ್ರಿಲ್ಲಿಂಗ್ ಯಂತ್ರ, ಎಂಜಿನ್ ಎತ್ತುವ ಕ್ರೇನು, ಭದ್ರವಾದ ಸ್ಟ್ಯಾಂಡುಗಳು ಮತ್ತು ಹಲವು ವರ್ಷಗಳ ತಾಳ್ಮೆ.

ಮಾಡೆಲ್ ಎ ಕಾರಿನ ಚಾಸಿ ಎಂದರೆ ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ತೊಲೆಯ ಅಡ್ಡಕೊಯ್ತ ಇಂಗ್ಲಿಷಿನ ‘ಸಿ’ ಅಕ್ಷರದಂತೆ, ಒಂದು ಬದಿ ತೆರೆದಿರುತ್ತದೆ. 40 ಅಶ್ವಶಕ್ತಿಗೆ ಅದು ಸಾಕಿತ್ತು. ದುಪ್ಪಟ್ಟು ತ್ರಾಣದ ವಿ-8 ಎಂಜಿನ್ ಎಳೆದಾಗ ಒದ್ದೆ ಬಟ್ಟೆ ಹಿಂಡಿದಂತೆ ಚಾಸಿ ತಿರುಚುತ್ತದೆ. ಅದಕ್ಕಾಗಿ ತೆರೆದ ಬದಿಗೆ ಉಕ್ಕಿನ ಪಟ್ಟಿ ಬೆಸೆದು ತೊಲೆಯನ್ನು ಮುಚ್ಚಿದ ಪೆಟ್ಟಿಗೆಯಂತೆ ಮಾಡುತ್ತಾರೆ. ಇಲ್ಲಿ ಅವಸರ ಸಲ್ಲದು. ಒಂದೇ ಎಳೆಯಲ್ಲಿ ಉದ್ದಕ್ಕೂ ಬೆಸೆದರೆ ಶಾಖಕ್ಕೆ ತೊಲೆ ಬಾಗುತ್ತದೆ. ಒಂದಂಗುಲ ಇಲ್ಲಿ, ಒಂದಂಗುಲ ಅಲ್ಲಿ ಎಂದು ಹಾರಿ ಹಾರಿ ಬೆಸೆಯಬೇಕು; ನಡುನಡುವೆ ಮೂಲೆಯಿಂದ ಮೂಲೆಗೆ ಅಳೆಯಬೇಕು. ಎರಡು ಕರ್ಣಗಳ ಅಳತೆ ಒಂದೇ ಇದ್ದರೆ ಚಾಸಿ ಸರಿಯಿದೆ ಎಂದರ್ಥ.

ಬಾಡಿಯನ್ನು ತಗ್ಗಿಸುವುದು ಮುಂದಿನ ಕೆಲಸ. ಮುಂದಿನ ಆಕ್ಸಲ್ಲಿನ ತುದಿಗಳನ್ನು ಕಾಯಿಸಿ ಎಳೆದು, ನಡುಭಾಗ ಎರಡು ಮೂರು ಅಂಗುಲ ಕೆಳಗೆ ಬರುವಂತೆ ಮಾಡುವುದು ಒಂದು ವಿಧಾನ. ಬಾಡಿಯ ತಳ ಕೊಯ್ದು ತೊಲೆಗಳ ಮೇಲೆ ಇನ್ನಷ್ಟು ಕೆಳಗೆ ಕೂರಿಸುವುದು ಇನ್ನೊಂದು. ಮುಚ್ಚಿದ ಕಾರಾದರೆ ಕಿಟಕಿಯ ಕಂಬಗಳಿಂದ ಕೆಲವು ಅಂಗುಲ ಕತ್ತರಿಸಿ ಚಾವಣಿಯನ್ನೇ ಇಳಿಸುತ್ತಾರೆ. ಹಿಂದಿನ ಚಕ್ರ ದೊಡ್ಡದು, ಮುಂದಿನದು ಚಿಕ್ಕದು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಕ್ರಮಿಸುವುದರಿಂದ ಒಣ ಕೆರೆಯ ಮೇಲೆ ಹೆಚ್ಚು ವೇಗ ಸಿಗುತ್ತಿತ್ತು. ಮುಂದಕ್ಕೆ ಬಾಗಿ ನಿಂತ ಆ ಠೀವಿ ಹೀಗೆ ಬಂದದ್ದು.

ಬಿಸಿಯಾಗುವ ಎಂಜಿನ್

ಸಾಂಪ್ರದಾಯಿಕರ ಆರಾಧ್ಯದೈವ ಫೋರ್ಡ್‌ನ ‘ಫ್ಲಾಟ್‌ಹೆಡ್’ ಎಂಜಿನ್. ಇಂದಿನ ಎಂಜಿನ್ನುಗಳಲ್ಲಿ ವಾಲ್ವುಗಳು ಸಿಲಿಂಡರಿನ ಮೇಲಿನ ಹೆಡ್‌ನಲ್ಲಿರುತ್ತವೆ. ಇದರಲ್ಲಿ ಅವು ಸಿಲಿಂಡರಿನ ಪಕ್ಕದಲ್ಲೇ, ಬ್ಲಾಕಿನೊಳಗಿವೆ. ಮೇಲಿರುವುದು ಮುಚ್ಚಳದಂಥ ಚಪ್ಪಟೆ ಹೆಡ್ ಮಾತ್ರ. ಹೆಸರು ಬಂದದ್ದು ಅದರಿಂದಲೇ. ರಚನೆ ಸರಳ, ಬೆಲೆ ಅಗ್ಗ. ದೋಷವೂ ಅಲ್ಲೇ ಇದೆ. ಉರಿದ ಹೊಗೆ ಹೊರಹೋಗಬೇಕಾದರೆ ಬ್ಲಾಕಿನೊಳಗೇ ಸಿಲಿಂಡರುಗಳ ನಡುವೆ ನುಸುಳಿ ಹೋಗಬೇಕು. ಪ್ರತಿ ಸಾಲಿನ ನಡುವಿನ ಎರಡು ಸಿಲಿಂಡರುಗಳಿಗೆ ಹೊಗೆಯ ದಾರಿಯೂ ಒಂದೇ. ಆ ಕೆಂಡದಂಥ ಹೊಗೆಯ ಶಾಖವೆಲ್ಲ ತಂಪುಗೊಳಿಸುವ ನೀರಿಗೆ ಇಳಿಯುತ್ತದೆ. ಹೀಗಾಗಿ ಅತಿಯಾಗಿ ಬಿಸಿಯಾಗುವುದು ಈ ಎಂಜಿನ್ನಿನ ಹುಟ್ಟುಗುಣ. ವಾಲ್ವು ಕೂರುವ ಜಾಗದಿಂದ ಸಿಲಿಂಡರಿನವರೆಗೆ ಬಿರುಕು ಬಿಡುವುದು ಅದರ ಸಾಮಾನ್ಯ ರೋಗ.

ಆದ್ದರಿಂದ ಗುಜರಿಯಿಂದ ತಂದ ಬ್ಲಾಕಿಗೆ ಮೊದಲು ಸ್ನಾನ, ಬಳಿಕ ಪರೀಕ್ಷೆ. ನೀರಿನ ದಾರಿಗಳಲ್ಲಿ ಎಪ್ಪತ್ತು ಎಂಬತ್ತು ವರ್ಷಗಳ ತುಕ್ಕಿನ ಜೊತೆಗೆ ಎರಕದ ದಿನದ ಮರಳೂ ಕೆಲವೊಮ್ಮೆ ಉಳಿದಿರುತ್ತದೆ. ಅದನ್ನು ಕೆದಕಿ ತೆಗೆಯದೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಪ್ರಯೋಜನವಿಲ್ಲ. ಆಮೇಲೆ ಕಬ್ಬಿಣದ ಪುಡಿ ಮತ್ತು ಅಯಸ್ಕಾಂತದ ಸಹಾಯದಿಂದ ಬಿರುಕು ಹುಡುಕುವ ಪರೀಕ್ಷೆ ಮಾಡಿಸಬೇಕು. ಎಷ್ಟೋ ಬ್ಲಾಕುಗಳು ಈ ಹಂತದಲ್ಲೇ ಮರಳಿ ಗುಜರಿಗೆ ಹೋಗುತ್ತವೆ.

ಪಾಸಾದ ಬ್ಲಾಕಿನ ಸಿಲಿಂಡರನ್ನು ವರ್ಕ್‌ಶಾಪಿನಲ್ಲಿ ರೀಬೋರ್ ಮಾಡಿಸುತ್ತಾರೆ. ಲೆಕ್ಕ ನೋಡಿ: 1932ರ ಎಂಜಿನ್ನಿನ ಸಿಲಿಂಡರಿನ ವ್ಯಾಸ 3.06 ಅಂಗುಲ, ಪಿಸ್ಟನ್ ಚಲಿಸುವ ದೂರ 3.75 ಅಂಗುಲ, ಒಟ್ಟು 221 ಘನ ಅಂಗುಲ. ನಂತರದ ಕಾಲದ ಬ್ಲಾಕೊಂದನ್ನು 3.31 ಅಂಗುಲಕ್ಕೆ ರೀಬೋರ್ ಮಾಡಿಸಿ, 1949–53ರ ಮರ್ಕ್ಯುರಿ ಕಾರಿನ 4 ಅಂಗುಲ ಚಲನೆಯ ಕ್ರ್ಯಾಂಕ್ ಹಾಕಿದರೆ ಅದು 276 ಘನ ಅಂಗುಲವಾಗುತ್ತದೆ. ಒಂದೇ ಕುಟುಂಬದ ಬೇರೆ ಬೇರೆ ವರ್ಷಗಳ ಭಾಗಗಳು ಒಂದಕ್ಕೊಂದು ಹೊಂದುತ್ತವೆ ಎಂಬ ಗುಟ್ಟನ್ನು ಹುಡುಗರು ಗುಜರಿಯಲ್ಲಿ ಅಳೆದಳೆದು ಕಂಡುಕೊಂಡರು. ಯಾವ ಕೈಪಿಡಿಯೂ ಅದನ್ನು ಹೇಳಿರಲಿಲ್ಲ.

ಮೇಲೆ ಅಲ್ಯುಮಿನಿಯಂ ಹೆಡ್, ಎರಡು ಅಥವಾ ಮೂರು ಕಾರ್ಬುರೇಟರುಗಳನ್ನು ಕೂರಿಸುವ ಮ್ಯಾನಿಫೋಲ್ಡ್. ಅಂಥ ಮ್ಯಾನಿಫೋಲ್ಡನ್ನು 1930ರ ದಶಕದ ಕೊನೆಯಲ್ಲಿ ತಯಾರಿಸಿದವರಲ್ಲಿ ವಿಕ್ ಎಡೆಲ್‌ಬ್ರಾಕ್ ಪ್ರಮುಖ. ತನ್ನ ಸ್ವಂತ ರೋಡ್‌ಸ್ಟರಿಗೆಂದು ಮಾಡಿದ್ದು ಮುಂದೆ ದೊಡ್ಡ ಉದ್ಯಮವಾಯಿತು. ಕಾರ್ಬುರೇಟರ್ ‘ಸ್ಟ್ರಾಂಬರ್ಗ್ 97’. ಅದರ ಗಂಟಲಿನ ವ್ಯಾಸ 0.97 ಅಂಗುಲವಾದ್ದರಿಂದ ಆ ಹೆಸರು. 1936ರಿಂದ ಫೋರ್ಡ್ ಕಾರುಗಳಿಗೆ ಬರುತ್ತಿದ್ದ ಈ ಸಣ್ಣ ಕಾರ್ಬುರೇಟರನ್ನು ಈಗ ಮತ್ತೆ ಹೊಸದಾಗಿ ತಯಾರಿಸುತ್ತಾರೆ. ಮೂರು ಕಾರ್ಬುರೇಟರುಗಳು ಒಂದೇ ಪ್ರಮಾಣದಲ್ಲಿ ಗಾಳಿ ಎಳೆಯುವಂತೆ ಹೊಂದಿಸುವುದು ತಂಬೂರಿಯ ಶ್ರುತಿ ಕೂಡಿಸಿದಷ್ಟೇ ಸೂಕ್ಷ್ಮ. ಕಿವಿಯಿಂದಲೇ ಹೊಂದಿಸುವವರು ಈಗಲೂ ಇದ್ದಾರೆ.

ಜೀವ ನಿಂತಿರುವುದು ಬೆಸುಗೆಯ ಮೇಲೆ

ವೇಗಕ್ಕಿಂತ ಮುಖ್ಯವಾದದ್ದು ನಿಲ್ಲುವುದು. ಫೋರ್ಡ್ ಕಾರುಗಳಿಗೆ 1938ರವರೆಗೂ ಇದ್ದದ್ದು ಸರಳು, ಕೇಬಲ್‌ಗಳಿಂದ ಎಳೆಯುವ ಯಾಂತ್ರಿಕ ಬ್ರೇಕು. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕು 1939ರಲ್ಲಿ ಬಂತು. ಅದನ್ನು ಹಳೆಯ ಆಕ್ಸಲ್ಲಿಗೆ ಕೂರಿಸುವುದು ಅಂದಿನ ಜಾಣರು ಮಾಡಿದ ಮೊದಲ ಸುಧಾರಣೆ. ಆದರೆ ಆ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೊಠಡಿ. ಯಾವುದೋ ಒಂದು ಚಕ್ರದ ಕೊಳವೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕು ಹೋದಂತೆ. ಇಂದಿನ ವಿವೇಕಿಗಳು ಇಲ್ಲಿ ಸಂಪ್ರದಾಯ ಮುರಿದು, ಮುಂದಕ್ಕೂ ಹಿಂದಕ್ಕೂ ಪ್ರತ್ಯೇಕವಾಗಿ ಕೆಲಸ ಮಾಡುವ ಎರಡು ಕೊಠಡಿಯ ಸಿಲಿಂಡರನ್ನು ನೆಲಹಾಸಿನ ಕೆಳಗೆ, ಕಣ್ಣಿಗೆ ಬೀಳದಂತೆ ಹಾಕುತ್ತಾರೆ. ಕಟ್ಟಾ ಸಂಪ್ರದಾಯವಾದಿಗಳೂ ಇದಕ್ಕೆ ಹೆಚ್ಚು ತಕರಾರು ಮಾಡುವುದಿಲ್ಲ.

ಸ್ಟಿಯರಿಂಗ್‌ನದೂ ಅಷ್ಟೆ. ಅದರ ಒಂದೊಂದು ಕೀಲಿನ ನಟ್ಟಿಗೂ ಅಡ್ಡ ಪಿನ್ನು ಬಿದ್ದಿರಲೇಬೇಕು. ಒಂದು ಪಿನ್ನಿನ ಬೆಲೆ ಕೆಲವು ಪೈಸೆ. ಅದು ಇಲ್ಲದಿದ್ದರೆ ನಟ್ಟು ಸಡಿಲವಾಗಿ ಚಕ್ರ ಮಾತು ಕೇಳುವುದಿಲ್ಲ. ಮೇಲ್ನೋಟಕ್ಕೆ ನುಣುಪಾಗಿ ಕಂಡ ಬೆಸುಗೆ ಒಳಗೆ ಹಿಡಿದಿಲ್ಲದೆ ಇರಬಹುದು. ಅದನ್ನು ಅರಿಯಲು ಒಂದೇ ದಾರಿ: ಅದೇ ದಪ್ಪದ ಚೂರುಗಳನ್ನು ಬೆಸೆದು, ವೈಸ್‌ಗೆ ಕಚ್ಚಿಸಿ, ಸುತ್ತಿಗೆಯಿಂದ ಬಡಿದು ಮುರಿದು ನೋಡುವುದು. ಕೈ ಪಳಗುವವರೆಗೆ ಚಾಸಿಯನ್ನು ಮುಟ್ಟಬಾರದು ಎನ್ನುವುದು ಹಿರಿಯರ ಮಾತು.

ಬಾಡಿಯ ಟಿಂಕರಿಂಗ್ ಕೆಲಸಕ್ಕೆ ಬೇರೆಯದೇ ಹದ ಬೇಕು. ತುಕ್ಕು ತಿಂದ ಅಂಚು ಕತ್ತರಿಸಿ, ಅದೇ ಬಳುಕಿನ ತೇಪೆ ಬಡಿದು ಮಾಡಿ, ಚುಕ್ಕೆ ಚುಕ್ಕೆಯಾಗಿ ಬೆಸೆಯಬೇಕು. ಹಿಂದಿನವರು ತಗ್ಗುಗಳನ್ನು ಸೀಸದಿಂದ ತುಂಬುತ್ತಿದ್ದರು. ಸೀಸವನ್ನು ಕಾಯಿಸಿ ಮರದ ಹಲಗೆಯಿಂದ ಸವರುವುದು ಒಂದು ಕಲೆಯೇ ಸರಿ, ಆದರೆ ಅದರ ಹೊಗೆ ಮತ್ತು ಪುಡಿ ವಿಷ. ಹಳೆಯ ಬ್ರೇಕ್ ಲೈನರಿನ ಧೂಳಿನಲ್ಲಿ ಕಲ್ನಾರು ಇರುತ್ತದೆ. ಕ್ಲೋರಿನ್ ಬೆರೆತ ಕೆಲವು ಬ್ರೇಕ್ ಕ್ಲೀನರುಗಳಿಂದ ಒರೆಸಿದ ಭಾಗ ಒಣಗುವ ಮೊದಲೇ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು. ಮನೆಯ ಗ್ಯಾರೇಜಿನಲ್ಲಿ ಮೇಲ್ವಿಚಾರಕ ಇರುವುದಿಲ್ಲ. ಎಚ್ಚರಿಕೆಯೂ ಕಟ್ಟುವವನದೇ.

ಅವಸಾನ ಮತ್ತು ಮರುಹುಟ್ಟು

ಫ್ಲಾಟ್‌ಹೆಡ್ ಯುಗಕ್ಕೆ ತೆರೆ ಎಳೆದದ್ದು ಷೆವ್ರೊಲೆ. 1953ರಲ್ಲಿ ಫೋರ್ಡ್‌ನ ಕೊನೆಯ ಫ್ಲಾಟ್‌ಹೆಡ್ 239 ಘನ ಅಂಗುಲಕ್ಕೆ 110 ಅಶ್ವಶಕ್ತಿ ಕೊಡುತ್ತಿತ್ತು. 1955ರಲ್ಲಿ ಬಂದ ಷೆವ್ರೊಲೆಯ ಹೊಸ ವಿ-8 ಎಂಜಿನ್ನಿನಲ್ಲಿ ವಾಲ್ವುಗಳು ಮೇಲೆ ಹೆಡ್‌ನಲ್ಲಿದ್ದವು. 265 ಘನ ಅಂಗುಲಕ್ಕೆ 162 ಅಶ್ವಶಕ್ತಿ. ಹುಡುಗರು ವರ್ಷಗಟ್ಟಲೆ ಅರೆದು, ತೀಡಿ ಗಳಿಸುತ್ತಿದ್ದ ಶಕ್ತಿ ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂತು. 1964ರಲ್ಲಿ ಪಾಂಟಿಯಾಕ್ ಕಂಪನಿಯ ‘ಜಿಟಿಒ’ ಬಂದ ಮೇಲಂತೂ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಎಂಬ ಹಾಟ್ ರಾಡಿನ ಸೂತ್ರವನ್ನೇ ಕಂಪನಿಗಳು ಕಂತಿನ ಮೇಲೆ ಮಾರತೊಡಗಿದವು. ಕೊಳ್ಳಬಹುದಾದದ್ದನ್ನು ಕಟ್ಟುವವರು ಯಾರು?

ಮುಂದಿನ ದಶಕಗಳಲ್ಲಿ ಹಳೆಯ ಆಕಾರಕ್ಕೆ ಫೈಬರ್ ಗ್ಲಾಸ್ ಬಾಡಿ, ಹೊಸ ಎಂಜಿನ್, ಹವಾನಿಯಂತ್ರಣ ಸೇರಿಸಿದ ಕಾರುಗಳು ಹೆಚ್ಚಿದವು. ಇದಕ್ಕೆ ಪ್ರತಿಕ್ರಿಯೆಯಾಗಿ 1990ರ ದಶಕದಲ್ಲಿ ಹಳೆಯ ವಿಧಾನಕ್ಕೆ ಮರಳುವ ಒಲವು ಬಲಗೊಂಡಿತು. 1997ರಲ್ಲಿ ಕ್ಯಾಲಿಫೋರ್ನಿಯದ ಪೆಬಲ್ ಬೀಚ್‌ನಲ್ಲಿ ಶ್ರೀಮಂತರ ಅಪರೂಪದ ಕಾರುಗಳ ಪ್ರತಿಷ್ಠಿತ ಪ್ರದರ್ಶನ ಹಾಟ್ ರಾಡ್‌ಗಳಿಗೆ ಮೊದಲ ಬಾರಿಗೆ ಪ್ರತ್ಯೇಕ ವರ್ಗ ಕೊಟ್ಟಿತು. 2014ರಲ್ಲಿ ಅಮೆರಿಕದ ಅಂಚೆ ಇಲಾಖೆ 1932ರ ಫೋರ್ಡ್ ರೋಡ್‌ಸ್ಟರಿನ ಹಾಟ್ ರಾಡ್ ರೂಪವಿರುವ ಅಂಚೆಚೀಟಿ ಹೊರಡಿಸಿತು. ಪೊಲೀಸರು ಅಟ್ಟಿಸಿಕೊಂಡು ಹೋಗುತ್ತಿದ್ದ ಕಾರು ಸರಕಾರದ ಅಂಚೆಚೀಟಿಯ ಮೇಲೆ ಬಂತು!

ಅಸಲು ಯಾವುದು?

ಗೌರವದ ಜೊತೆಗೆ ಬೆಲೆಯೂ ಏರಿತು. ಅಸಲು 1932ರ ಉಕ್ಕಿನ ಬಾಡಿ ಈಗ ಅಪರೂಪ. ಒಹಾಯೊ ರಾಜ್ಯದ ಬ್ರೂಕ್‌ವಿಲ್ ಕಂಪನಿ ಅದೇ ಅಳತೆಯ ಹೊಸ ಉಕ್ಕಿನ ಬಾಡಿ ತಯಾರಿಸಿ ಮಾರುತ್ತದೆ. ಚಾಸಿ, ಆಕ್ಸಲ್, ಕಾರ್ಬುರೇಟರ್ ಎಲ್ಲವೂ ಹೊಸದಾಗಿ ದೊರೆಯುತ್ತವೆ. ಹಣವಿದ್ದರೆ ಒಂದೂ ಹಳೆಯ ಭಾಗವಿಲ್ಲದ ‘ಹಳೆಯ’ ಹಾಟ್ ರಾಡ್ ಕಟ್ಟಬಹುದು. ಹೊಸ ಬಣ್ಣವನ್ನು ಉಜ್ಜಿ ಸವೆಸಿ, ಬೇಕೆಂದೇ ತುಕ್ಕು ಹಿಡಿಸಿ ಹಳತೆನಿಸುವವರೂ ಇದ್ದಾರೆ. ‘ರ‍್ಯಾಟ್ ರಾಡ್’ ಎಂಬ ಒರಟು ಕಾರುಗಳಲ್ಲಿ ಬಡತನವೇ ವೇಷವಾಗಿಬಿಟ್ಟಿದೆ. ಅಂದಿನ ಹುಡುಗ ಬಣ್ಣವಿಲ್ಲದ ಕಾರು ಓಡಿಸಿದ್ದು ಬಣ್ಣಕ್ಕೆ ದುಡ್ಡಿಲ್ಲದೆ. ದುಡ್ಡು ಸೇರಿದ ದಿನ ಅವನು ಕಾರಿಗೆ ಹೊಳೆಯುವ ಬಣ್ಣವನ್ನೇ ಬಳಿಸುತ್ತಿದ್ದ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಸಂಪ್ರದಾಯ ಸಾಮಾನಿನಲ್ಲಿದೆ ಎಂದುಕೊಂಡರೆ ಅದು ಮುಗಿದಂತೆಯೇ. ಗುಜರಿಯ ಫೋರ್ಡ್‌ಗಳು ತೀರಿಹೋಗುತ್ತಿವೆ. ರೂಪದಲ್ಲಿದೆ ಎಂದುಕೊಂಡರೆ ಅದು ವೇಷವಾಗುತ್ತದೆ. ಆದರೆ ಒಂದು ಮಾತು ಉಳಿಯುತ್ತದೆ. ಹೊಸ ಬಾಡಿ ಕೊಂಡವನೂ ಅದನ್ನು ಚಾಸಿಗೆ ಹೊಂದಿಸುವಾಗ ಅಳೆಯಲೇಬೇಕು, ಕೊಯ್ಯಲೇಬೇಕು. ಪೆಡಲ್ ಎಲ್ಲಿ ಬರಬೇಕು, ಸ್ಟಿಯರಿಂಗ್ ಯಾವ ಕೋನದಲ್ಲಿರಬೇಕು, ಎಂಜಿನ್ ಎಷ್ಟು ಹಿಂದೆ ಕೂರಬೇಕು – ಇವಕ್ಕೆ ಸಿದ್ಧ ಉತ್ತರಗಳಿಲ್ಲ. ಒಂದರ ಸ್ಥಾನ ಬದಲಿಸಿದರೆ ಇನ್ನು ನಾಲ್ಕರ ಸ್ಥಾನ ಬದಲಾಗುತ್ತದೆ. ಇರುವುದರಲ್ಲಿ ಹೊಂದಿಸಿಕೊಂಡು, ಕೈಯಿಂದ ಮಾಡಿ, ತಪ್ಪಿದರೆ ಕತ್ತರಿಸಿ ಮತ್ತೆ ಮಾಡಿ, ಕೊನೆಗೆ ತಾನು ಮಾಡಿದ್ದರ ಮೇಲೆ ತಾನೇ ಕುಳಿತು ಓಡಿಸುವ ಹೊಣೆ ಹೊರುವುದು – ಸಂಪ್ರದಾಯ ಇರುವುದು ಈ ಕ್ರಮದಲ್ಲಿ. ಬಡ ಹುಡುಗನಿಗೆ ಅದು ಅನಿವಾರ್ಯವಾಗಿತ್ತು. ಇಂದಿನವನು ಅದನ್ನು ಆರಿಸಿಕೊಳ್ಳುತ್ತಾನೆ. ಕಾರಣ ಬೇರೆಯಾದರೂ ಕೈ ಕಲಿಯುವ ಪಾಠ ಒಂದೇ.

ಅಪಾಯದಲ್ಲಿರುವುದೂ ಈ ಪಾಠವೇ. ಫ್ಲಾಟ್‌ಹೆಡ್ ಬ್ಲಾಕನ್ನು ಬಡಿದು ಸದ್ದಿನಿಂದಲೇ ಅಂದಾಜು ಮಾಡುತ್ತಿದ್ದವರು, ಸೀಸ ಸವರುತ್ತಿದ್ದವರು, ಆಕ್ಸಲ್ ಎಳೆಯುತ್ತಿದ್ದವರು ವಯಸ್ಸಾಗಿ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಜೀಡಿಯಾಸ್ 2024ರಲ್ಲಿ ತೀರಿಕೊಂಡರು. ಭಾಗಗಳನ್ನು ಮತ್ತೆ ಎರಕ ಹೊಯ್ಯಬಹುದು. ಆ ಕೈಗಳನ್ನು ಎರಕ ಹೊಯ್ಯಲಾಗದು. ಗ್ಯಾರೇಜಿನಲ್ಲಿ ಪಕ್ಕದ ಮನೆಯ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿಕೊಂಡು ಕೆಲಸ ತೋರಿಸುವ ಹಿರಿಯರು ಇರುವವರೆಗೆ ಮಾತ್ರ ಈ ವಿದ್ಯೆ ಉಳಿದೀತು.

ನಮ್ಮಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ ಒಂದು ಮಾತು. ಕ್ಯಾಲಿಫೋರ್ನಿಯದಲ್ಲಿ ಮನೆಯಲ್ಲಿ ಕಟ್ಟಿದ ವಾಹನಕ್ಕೂ ಪರಿಶೀಲನೆಯ ಬಳಿಕ ನೋಂದಣಿ ಪಡೆಯುವ ದಾರಿಯಿದೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಆದ್ದರಿಂದ ಹಾಟ್ ರಾಡ್ ಇಲ್ಲಿ ರಸ್ತೆಗಿಳಿಯುವುದು ಕಷ್ಟ. ಆದರೆ ಗುಜರಿಯ ಕಬ್ಬಿಣದಲ್ಲಿ ಉಪಯೋಗದ ವಸ್ತು ಕಾಣುವ ಕಣ್ಣು, ಲೇತಿನ ಮುಂದೆ ನಿಂತು ನೂಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಬೆರಳು ಇಲ್ಲಿಯ ಗ್ಯಾರೇಜುಗಳಿಗೆ ಹೊಸತಲ್ಲ. ಅಮೆರಿಕದವರು ಅಂಥ ಕೆಲಸವನ್ನು ಇತಿಹಾಸವೆಂದು ಗುರುತಿಸಿ, ಪ್ರದರ್ಶನದಲ್ಲಿ ಸ್ಥಾನ ಕೊಟ್ಟು, ಅಂಚೆಚೀಟಿಗೆ ಏರಿಸಿದರು. ಗಮನಿಸಬೇಕಾದ ಸಂಗತಿ ಅದು.